ಸಹಾಯ ಬೇಕು: ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದುವ ಕುರಿತು

ಎಲ್ಲರಿಗೂ ನಮಸ್ಕಾರ. 2011ರಲ್ಲಿ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಈಗ ಫ್ರೀಮಾಂಟ್‌ನಲ್ಲಿ ನೆಲೆಸಿದ್ದು, ಮಗಳು ಶಾಲೆಗೆ ಹೋಗತೊಡಗಿದ್ದರಿಂದ ಇಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಅಸೋಸಿಯೇಟ್ ಪದವಿಗೆ ಸೇರಬೇಕೆಂದಿದ್ದೇನೆ. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಅಂದರೆ ಒಂದು ಕ್ರೆಡಿಟ್‌ಗೆ) 46 ಡಾಲರ್ ಆಗಿರುವುದರಿಂದ ಹಣದ ಚಿಂತೆ ಅಷ್ಟಾಗಿಲ್ಲ. ತೊಡಕಿರುವುದು ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕಾದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ವಿಷಯಗಳಲ್ಲಿ.

ನನ್ನ ಅಂಕಪಟ್ಟಿಯಲ್ಲಿ ಮೈಕ್ರೋಬಯಾಲಜಿ ಥಿಯರಿಗೆ ಒಂದು ಸಾಲು, ಪ್ರಾಕ್ಟಿಕಲ್‌ಗೆ ಇನ್ನೊಂದು ಸಾಲು, ಎದುರಿಗೆ ಅಂಕ, ಅಷ್ಟೇ ಇದೆ. ಪ್ರಯೋಗಾಲಯದಲ್ಲಿ ಎಷ್ಟು ಗಂಟೆ ಕಳೆದೆನೆಂಬುದು ಎಲ್ಲಿಯೂ ಇಲ್ಲ. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಗುರುತಿಸುವ ಗ್ರಾಂ ಸ್ಟೇನ್ ಮಾಡಿದ ದಿನ ಬೆರಳ ತುದಿಯೆಲ್ಲ ನೇರಳೆಯಾಗಿ ಮನೆಗೆ ಬರುತ್ತಿದ್ದುದಕ್ಕೆ ಸಾಕ್ಷಿ ನಮ್ಮಮ್ಮ ಮಾತ್ರ! ಗಂಟೆಗಳ ವಿವರವಿಲ್ಲದೆ ಒಪ್ಪುವುದು ಕಷ್ಟವೆಂದೂ, ಓದಿ ಬಹಳ ವರ್ಷಗಳಾಗಿವೆಯೆಂದೂ ಕಾಲೇಜಿನ ಸಲಹೆಗಾರರು ತಿಳಿಸಿದ್ದಾರೆ.

ವಿಶ್ವವಿದ್ಯಾಲಯದಿಂದ ಪಠ್ಯಕ್ರಮದ ದೃಢೀಕೃತ ಪ್ರತಿ ತರಿಸಿಕೊಂಡು ವಿಷಯವಾರು ಮೌಲ್ಯಮಾಪನ ಮಾಡಿಸಿದವರು ಇಲ್ಲಿದ್ದರೆ, ಅದಕ್ಕೆ ಎಷ್ಟು ತಿಂಗಳು ಹಿಡಿಯಿತು, ಕೊನೆಗೆ ಕಾಲೇಜು ಒಪ್ಪಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಮೂರೂ ವಿಷಯಗಳನ್ನು ಹೊಸದಾಗಿ ಓದುವುದೇ ಲೇಸೆಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಓದಿ, ಮುಂದೆ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದ ತಾಯಂದಿರಿದ್ದರೆ, ಲ್ಯಾಬ್ ಇರುವ ಎರಡು ವಿಷಯಗಳನ್ನು ಒಂದೇ ಸೆಮಿಸ್ಟರ್‌ನಲ್ಲಿ ನಿಭಾಯಿಸಬಹುದೇ ಎಂಬುದನ್ನೂ ಹೇಳಬೇಕಾಗಿ ವಿನಂತಿ.