ಬೋಟ್ ಎಂಜಿನ್ ಕೆಟ್ಟಿದೆ: ರಿಪೇರಿ ಮಾಡಿಸಲಾ, ಹೊಸದು ತರಲಾ? ಅನುಭವ ಇದ್ದವರು ಹೇಳಿ

ಹಿನ್ನೀರು ಹೊಸದುರ್ಗ:
ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ನಂದೊಂದು 18 ಅಡಿ ಫೈಬರ್ ಬೋಟ್ ಇದೆ. ಮೀನು ಗುತ್ತಿಗೆಯವರ ಬಲೆ, ಐಸು ಸಾಗಿಸುತ್ತೇನೆ, ತೆಪ್ಪಗಳನ್ನು ಎಳೆದುಕೊಂಡು ಹೋಗುತ್ತೇನೆ. ಎಂಜಿನ್ 15 ಎಚ್‌ಪಿ ಟೂ ಸ್ಟ್ರೋಕ್, 9 ವರ್ಷ ಹಳೇದು. ಹೋದ ತಿಂಗಳು ನೀರೊಳಗಿದ್ದ ತೆಂಗಿನ ಬುಡಕ್ಕೆ ಹೊಡೆಯಿತು. ಕೆಳಗಿನ ಗೇರ್ ಕೇಸಿಂಗ್ (ಗೇರ್ ಇರೋ ಪೆಟ್ಟಿಗೆ) ಬಿರುಕು ಬಿಟ್ಟಿದೆ. ನನ್ನ ತಮ್ಮ ಅದರಲ್ಲೇ ದಡದವರೆಗೂ ಓಡಿಸಿಕೊಂಡು ಬಂದ. ಈಗ ಗೇರ್ ಆಯಿಲ್ ನೀರು ಸೇರಿ ಹಾಲು ಹಾಕಿದ ಚಹಾ ಆಗಿದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಮೇಲಿನ ಸಿಲಿಂಡರ್ 110, ಕೆಳಗಿನದು 70. ಮೆಕ್ಯಾನಿಕ್ 72 ಸಾವಿರ ಅಂತಾನೆ. ಹೊಸದು 2 ಲಕ್ಷ ದಾಟುತ್ತೆ. ಇದನ್ನೇ ಕಟ್ಟಿಸಲಾ, ಹೊಸ 15 ತರಲಾ, ಇಲ್ಲ ಫೋರ್ ಸ್ಟ್ರೋಕ್ 25ಕ್ಕೆ ಹೋಗಲಾ? ಎಂಜಿನ್ ಕೂರಿಸೋ ಹಿಂದಿನ ಹಲಗೆ ಎತ್ತರ 15 ಇಂಚು.

ಕೆರೆ ಏರಿ ಚನ್ನಗಿರಿ:
25ಕ್ಕೆ ಹೋಗಬೇಡಿ ಅಣ್ಣಾ. ನಾನು ಹೋದೆ, ಅದಕ್ಕೇ ಹೇಳ್ತಿದ್ದೀನಿ. ಸೂಳೆಕೆರೆಯಲ್ಲಿ ನನ್ನ ಹಳೇ 15 ಚೆನ್ನಾಗೇ ಓಡುತ್ತಿತ್ತು. ಹೊಗೆ ಜಾಸ್ತಿ, ಪೆಟ್ರೋಲ್ ಕುಡಿಯುತ್ತೆ ಅನ್ನೋದಷ್ಟೇ ಕೊರಗು. 3,85,000 ಕೊಟ್ಟು ಫೋರ್ ಸ್ಟ್ರೋಕ್ ತಂದೆ. ಹಳೇದು 40 ಕೆಜಿ ಒಳಗಿತ್ತು. ಸಂಜೆ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ. ಇದು 60 ದಾಟಿದೆ. ಇಬ್ಬರು ಬೇಕು, ಆ ಇನ್ನೊಬ್ಬನಿಗೆ ದಿನಾ ಟೀ ಕುಡಿಸಬೇಕು.

20 ಗಂಟೆ ಓಡಿದ ಮೇಲಿನ ಮೊದಲ ಸರ್ವೀಸ್‌ಗೆ ಒಯ್ಯುವಾಗ ಟಾಟಾ ಏಸ್‌ನಲ್ಲಿ ಹುಡುಗರು ತಪ್ಪು ಮಗ್ಗುಲಿಗೆ ಮಲಗಿಸಿದರು. ಟೂ ಸ್ಟ್ರೋಕ್ ಹೆಂಗಾದರೂ ಮಲಗುತ್ತೆ, ಇದು ಹಾಗಲ್ಲ. ಆಯಿಲ್ ಎಲ್ಲ ಸಿಲಿಂಡರ್‌ಗೆ ಇಳಿದಿತ್ತು. ಪ್ಲಗ್ ಬಿಚ್ಚಿ ಹಗ್ಗ ಎಳೆದರೆ ಮುಖದ ಮೇಲೇ ಎರಚಿತು. ಬಿಳಿ ಅಂಗಿ ಹಾಕಿದ್ದೆ ಬೇರೆ.

ಆಮೇಲೆ ಹಿಂದಿನ ಹಲಗೆ. ಫೈಬರ್ ಒಳಗಿನ ಪ್ಲೈವುಡ್ ಬೋಲ್ಟ್ ತೂತಿನಿಂದ ನೀರು ಕುಡಿದು ಕೊಳೆತಿತ್ತು. ಭಾರಕ್ಕೆ ಬಾಗಿತು. ಕಿತ್ತು ಹೊಸದು ಹಾಕಿಸಿದ್ದು 28,000. ಇನ್ನೊಂದು ನನ್ನದೇ ದಡ್ಡತನ, ಅವಸರದಲ್ಲಿ ಲಾಂಗ್ ಶಾಫ್ಟ್ ತಂದಿದ್ದೆ. 15 ಇಂಚಿನ ಹಲಗೆಗೆ 20 ಇಂಚಿನ ಶಾಫ್ಟ್. ಬೇಸಿಗೆಯಲ್ಲಿ ನಮ್ಮ ಕೆರೆ ನೀರಿಗಿಂತ ಹೂಳೇ ಜಾಸ್ತಿ. ಫ್ಯಾನು (ಪ್ರೊಪೆಲ್ಲರ್) ಕೆಸರು ಕಲಸಿತು, ಎಂಜಿನ್ ತಂಪಿಗೆ ನೀರು ಎಳೆಯೋ ಇಂಪೆಲ್ಲರ್ ಕೆಸರು ತಿಂದಿತು. ಒಂದು ವರ್ಷಕ್ಕೆ ಮೂರು ಇಂಪೆಲ್ಲರ್.

ಹೊಳೆಸಾಲು ಹರಿಹರ:
ಅಳತೆ ನೋಡದೆ ತಂದು ಎಂಜಿನ್ ಮೇಲೆ ಯಾಕೆ ತಪ್ಪು ಹಾಕ್ತೀರಿ? ನನ್ನ ಕೇಳಿದರೆ ಕಟ್ಟಿಸೋದೇ. ತುಂಗಭದ್ರೆಯಲ್ಲಿ ಬಂಡೆಗೆ ಹೊಡೆದು ನಂದು ಇದಕ್ಕಿಂತ ಹಾಳಾಗಿತ್ತು. ಲೆಕ್ಕ ಬರೆದಿಟ್ಟಿದ್ದೇನೆ ನೋಡ್ರಿ. ಸವೆದ ಸಿಲಿಂಡರ್ ಕೊರೆದು ಅಗಲ ಮಾಡೋ ಬೋರಿಂಗ್ 2,400. ಅದಕ್ಕೆ 0.50 ಎಂಎಂ ಓವರ್‌ಸೈಜ್ ಪಿಸ್ಟನ್ ರಿಂಗ್ ಸಮೇತ ಎರಡು, 11,600. ಕ್ರ್ಯಾಂಕ್ ಸೀಲು, ಹೆಡ್ ಗ್ಯಾಸ್ಕೆಟ್ 3,150. ಇಂಪೆಲ್ಲರ್ ಕಿಟ್ 2,900. ಕೇಸಿಂಗ್‌ಗೆ ಆರ್ಗಾನ್ ವೆಲ್ಡಿಂಗ್ 3,500, ಅದು ದಂಡ. ಬಿಸಿಗೆ ಬೇರಿಂಗ್ ಕೂರುವ ಜಾಗ ಮೊಟ್ಟೆ ಆಕಾರಕ್ಕೆ ತಿರುಗಿತು. ಗೇರ್ ಹಾಕಿದರೆ ರಾಗಿ ಬೀಸೋ ಸದ್ದು. ಕೊನೆಗೆ ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕೇಸಿಂಗ್ ಬಸ್ಸಲ್ಲಿ ಬಂತು, 19,000. ಮೊದಲು ಬಂದ ಪಿಸ್ಟನ್ 0.25 ಆಗಿತ್ತು, ವಾಪಸ್ ಕಳಿಸಿ 22 ದಿನ ಕಾದೆ. ಕೂಲಿ ಸೇರಿ 54,800. ನಾಲ್ಕು ವರ್ಷ ಆಯ್ತು, ಎರಡನೇ ಎಳೆತಕ್ಕೆ ಸ್ಟಾರ್ಟ್. 3,85,000 ಕೊಟ್ಟವರು ಹೊಟ್ಟೆ ಉರ್ಕೊಳ್ಳಲಿ.

ಕೆರೆ ಏರಿ ಚನ್ನಗಿರಿ:
ನಾನು ಹೊಟ್ಟೆ ಉರ್ಕೊಂಡಿಲ್ಲ ಸ್ವಾಮಿ. ಪೆಟ್ರೋಲ್ ಖರ್ಚು ಹತ್ತಿರತ್ತಿರ ಅರ್ಧಕ್ಕೆ ಇಳಿದಿದೆ, ಅದನ್ನೂ ಬರ್ಕೊಳ್ಳಿ ನಿಮ್ಮ ಲೆಕ್ಕದ ಪುಸ್ತಕದಲ್ಲಿ. 22 ದಿನ ದಡದಲ್ಲಿ ಕೂತಿದ್ದರ ಕೂಲಿ ಯಾಕೆ ಬರೆದಿಲ್ಲ?

ಕಡಲತಡಿಯವ:
ನಾನು ಮಲ್ಪೆ ಕಡೆಯವ, ಈಗ ಚಿತ್ರದುರ್ಗದಲ್ಲಿ ಅಂಗಡಿ. ನೀವು ಪೆಟ್ರೋಲ್ ಅಂತ ಜಗಳ ಮಾಡುದು ನೋಡಿ ನಗು ಬರುತ್ತದೆ ಮಾರಾಯ್ರೇ. ನಮ್ಮಲ್ಲಿ ನಾಡದೋಣಿ ಓಡುವುದೇ ಸೀಮೆಎಣ್ಣೆಯಲ್ಲಿ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲ್. ಇಲ್ಲದಿದ್ದರೆ ಮಾರನೇ ದಿನ ಎಳೆದೆಳೆದು ಭುಜ ಹೋಗುತ್ತದೆ. ನನ್ನ ಅಣ್ಣ ಉಪ್ಪುನೀರಿನಲ್ಲಿ 8 ಎಚ್‌ಪಿ ಸೀಮೆಎಣ್ಣೆ ಎಂಜಿನ್ 13 ವರ್ಷ ಓಡಿಸಿದ. ದಿನಾ ಸಿಹಿನೀರಲ್ಲಿ ತೊಳೆಯುತ್ತಿದ್ದ, ಮಕ್ಕಳಿಗೆ ಸ್ನಾನ ಮಾಡಿಸಿದ ಹಾಗೆ. ಸಿಹಿನೀರಲ್ಲೇ ಇಟ್ಟುಕೊಂಡು 9 ವರ್ಷಕ್ಕೆ ಎಂಜಿನ್ ಹಾಳು ಮಾಡುವುದು ಹೇಗೆ ಅಂತ ನನಗೆ ಅರ್ಥ ಆಗುವುದಿಲ್ಲ.

ಹಿನ್ನೀರು ಹೊಸದುರ್ಗ:
ತೆಂಗಿನ ಬುಡಕ್ಕೆ ಹೊಡೆದರೆ ಸಿಹಿನೀರೇನು, ಎಳನೀರೇನು ಸಾರ್.

ಹೊಳೆಸಾಲು ಹರಿಹರ:
ಸೀಮೆಎಣ್ಣೆಯಂತೆ. ಮೀನುಗಾರರಿಗೆ ಸಬ್ಸಿಡಿ ಸೀಮೆಎಣ್ಣೆ ನಿಮ್ಮ ಕರಾವಳಿಗೆ. ನಮಗೆ ಯಾರು ಕೊಡ್ತಾರೆ? ನಮ್ಮ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ವಾಸನೆ ನೋಡಿ ಎಷ್ಟೋ ವರ್ಷ ಆಯ್ತು.

ಲೇತ್ ಮಗ ದಾವಣಗೆರೆ:
ಎಲ್ಲರೂ ಔಟ್‌ಬೋರ್ಡ್ (ಬೋಟಿನ ಹಿಂದಿನ ಹಲಗೆಗೆ ಕಟ್ಟೋ ಎಂಜಿನ್) ಹಿಂದೆ ಬಿದ್ದಿದ್ದೀರಿ. ಅಪ್ಪ ಹರಿಹರದ ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆ ಹಿಂದೆ ಲೇತ್ ಹಾಕಿದರು. ಕೊಂಡಜ್ಜಿ ಕಡೆಯವರೊಬ್ಬರಿಗೆ ನಾವೇ ಲಾಂಗ್ ಟೇಲ್ ಮಾಡಿಕೊಟ್ಟೆವು. ಹೊಲದ ಪಂಪಿನ 6.5 ಎಚ್‌ಪಿ ಎಂಜಿನ್, ಅದಕ್ಕೆ 7 ಅಡಿ ಪೈಪ್, ಒಳಗೆ ಶಾಫ್ಟ್, ಮೂರು ಕಡೆ ಬುಷ್, ತುದಿಗೆ ಫ್ಯಾನು. ಬುಡ ಬಂತಾ, ಪೈಪ್ ಎತ್ತಿದರೆ ಆಯ್ತು. ಗೇರೂ ಇಲ್ಲ, ಕೇಸಿಂಗೂ ಇಲ್ಲ, ಮುರಿಯೋಕೆ ಏನಿದೆ? ಎಲ್ಲ ಸೇರಿ 31,000. ಮೊದಲ ಶಾಫ್ಟ್ ಎಂಎಸ್‌ದು (ಸಾದಾ ಉಕ್ಕು), ಎರಡೇ ತಿಂಗಳಿಗೆ ಬುಷ್ ಹತ್ತಿರ ಸವೆದು ಪೆನ್ಸಿಲ್ ಆಯ್ತು. ಸ್ಟೇನ್‌ಲೆಸ್ ಹಾಕಿದ ಮೇಲೆ ತೊಂದರೆ ಇಲ್ಲ.

ಕೆರೆ ಏರಿ ಚನ್ನಗಿರಿ:
ರಿವರ್ಸ್ ಇದೆಯಾ? ನ್ಯೂಟ್ರಲ್ ಇದೆಯಾ? ಹಗ್ಗ ಎಳೆದ ತಕ್ಷಣ ಓಡುತ್ತೆ ಅದು. ತೆಪ್ಪದಲ್ಲಿ ಜನ ಕೂತಿರುತ್ತಾರೆ, 7 ಅಡಿ ಕೋಲಿನ ತುದಿಗೆ ಫ್ಯಾನು ತಿರುಗುತ್ತಿರುತ್ತೆ. ಭೇಷ್.

ಲೇತ್ ಮಗ ದಾವಣಗೆರೆ:
ಓಡಿಸೋಕೆ ಬರೋರಿಗೆ ನ್ಯೂಟ್ರಲ್ ಬೇಕಿಲ್ಲ. ಲಾಂಗ್ ಶಾಫ್ಟ್, ಶಾರ್ಟ್ ಶಾಫ್ಟ್ ಗೊತ್ತಿಲ್ಲದವರು ಬೇರೆಯವರಿಗೆ ಪಾಠ ಹೇಳಬಾರದು.

ಕೋಟೆ ಬುಡ:
ಒಂದು ಮಾತು. ಸೂಳೆಕೆರೆ ಅಲ್ಲ, ಅದು ಶಾಂತಿಸಾಗರ. ಸರ್ಕಾರದ ಬೋರ್ಡಿನಲ್ಲೂ ಹಾಗೇ ಇದೆ. ಹಳೇ ಹೆಸರು ಯಾಕೆ ಬರೀತೀರಿ?

ಕೆರೆ ಏರಿ ಚನ್ನಗಿರಿ:
ನಮ್ಮಜ್ಜಿ ಸೂಳೆಕೆರೆ ಅಂದಳು, ಅವಳಜ್ಜಿನೂ ಸೂಳೆಕೆರೆ ಅಂದಳು. ಕಟ್ಟಿಸಿದ ಹೆಣ್ಣುಮಗಳ ಕತೆ ನಮಗೆ ನಾಚಿಕೆ ಅಲ್ಲ, ಹೆಮ್ಮೆ. ನೀವು ಎಂಜಿನ್ ಬಗ್ಗೆ ಗೊತ್ತಿದ್ದರೆ ಹೇಳಿ.

ಕೋಟೆ ಬುಡ:
ಹೇಳ್ತೀನಿ. ತಪ್ಪು ನೀರಿಂದು. ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮ್, 1933ರಲ್ಲಿ ಒಮ್ಮೆ ತುಂಬಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲೇ. ನಡುವೆ 89 ವರ್ಷ. ಅಷ್ಟರಲ್ಲಿ ಜನ ಹಿನ್ನೀರಿನ ಅಂಚಲ್ಲಿ ತೆಂಗು, ಅಡಿಕೆ ಹಾಕಿದರು, ಬೇಲಿ ಕಲ್ಲು ನೆಟ್ಟರು. ಈಗ ಎಲ್ಲ ನೀರೊಳಗೆ. ಅಂಥಾ ಕಡೆ ಯಾವ ಎಂಜಿನ್ ತಂದರೂ ಒಂದೇ. ನೀರು ಇಳಿದಾಗ ಬುಡ ಎಲ್ಲೆಲ್ಲಿದೆ ನೋಡಿ, ಖಾಲಿ ಕ್ಯಾನ್ ಕಟ್ಟಿ ಗುರುತು ಮಾಡಬೇಕು.

ಹಿನ್ನೀರು ಹೊಸದುರ್ಗ:
ಕಟ್ಟಿದ್ದೆ ಸಾರ್. ಕ್ಯಾನ್ ಕದ್ದರು.

ಹೊಳೆಸಾಲು ಹರಿಹರ:
ಹೊಸದುರ್ಗದವರೇ, ಆಯಿಲ್ ಯಾವುದು ಹಾಕ್ತಿದ್ರಿ? ಕೆಳಗಿನ ಸಿಲಿಂಡರ್ 70ಕ್ಕೆ ಇಳಿದಿದ್ದು ಬುಡಕ್ಕೆ ಹೊಡೆದದ್ದರಿಂದ ಅಲ್ಲ.

ಹಿನ್ನೀರು ಹೊಸದುರ್ಗ:
ಬೈಕಿನ ಟೂ ಸ್ಟ್ರೋಕ್ ಆಯಿಲ್. ಲೀಟರಿಗೆ ಅಂದಾಜಿನ ಮೇಲೆ.

ಹೊಳೆಸಾಲು ಹರಿಹರ:
ಅಂದಾಜಾ! 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅದೂ ಟಿಸಿಡಬ್ಲ್ಯು 3 (ಬೋಟ್ ಟೂ ಸ್ಟ್ರೋಕ್ ಎಂಜಿನ್‌ಗೆ ಅಂತಲೇ ಮಾಡಿದ್ದು). ಬೈಕ್ ಎಂಜಿನ್ ಗಾಳಿಯಲ್ಲಿ ಬೇಯುತ್ತೆ, ಅದರ ಆಯಿಲ್ ಬೂದಿ ಬಿಡುತ್ತೆ. ಇದು ನೀರಲ್ಲಿ ತಣ್ಣಗಿರೋ ಎಂಜಿನ್, ಆ ಬೂದಿ ಪಿಸ್ಟನ್ ರಿಂಗ್ ಕೂರೋ ಸಂದಿಯಲ್ಲಿ ಕೂತು ರಿಂಗ್ ಅಂಟಿಸಿಬಿಡುತ್ತೆ.

ಕಡಲತಡಿಯವ:
ನಮ್ಮಲ್ಲಿ ಎಂಥ ಆಯಿಲ್ ಸಿಕ್ಕಿತೋ ಅದು ಹಾಕುವುದು. ಎಂಜಿನ್ ತಂಪು ಮಾಡಿದ ನೀರು ಹಿಂದೆ ಮೂತ್ರ ಹೊಯ್ದ ಹಾಗೆ ಬೀಳ್ತದಾ ಅಂತ ನೋಡುವುದು, ಅಷ್ಟೆ.

ಹೊಳೆಸಾಲು ಹರಿಹರ:
ಅದಕ್ಕೇ ಮಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ಕೇಸಿಂಗ್ ಅಷ್ಟು ಸಿಗೋದು. ಮೇಲಿನ ಎಂಜಿನ್ ಸತ್ತಿರುತ್ತೆ.

ಕಡಲತಡಿಯವ:
ಆ ಕೇಸಿಂಗ್ ಇಲ್ಲದಿದ್ದರೆ ನಿಮ್ಮ ಬೋಟು ಇವತ್ತಿಗೂ ಹೊಳೆ ದಡದಲ್ಲಿ ಕೋಳಿ ಗೂಡು ಆಗಿರ್ತಿತ್ತು ಮಾರಾಯ್ರೇ. ಉಪಕಾರ ಸ್ಮರಣೆ ಬೇಡವಾ?

ಹಿನ್ನೀರು ಹೊಸದುರ್ಗ:
ಜಗಳ ನಿಲ್ಲಿಸಿ ಸ್ವಲ್ಪ ಕೇಳಿ. ಬೆಳಿಗ್ಗೆ ಫ್ಯಾನು ಬಿಚ್ಚಿದೆ. ಅದರ ಹಿಂದಿನ ವಾಷರ್ ತೆಗೆದರೆ ಒಳಗೆ ಶಾಫ್ಟ್ ಸುತ್ತ ನೈಲಾನ್ ನೂಲು. ಬಚ್ಚಲ ಜಾಲರಿಯಲ್ಲಿ ಕೂದಲು ಸೇರಿಕೊಂಡಿರುತ್ತಲ್ಲ, ಹಾಗೆ. ಬಿಸಿಗೆ ಕರಗಿ ಕಪ್ಪಗೆ ಉಂಗುರ ಆಗಿದೆ. ಬ್ಲೇಡಿನಲ್ಲಿ ಕೊಯ್ದು ತೆಗೆಯೋಕೆ ಅರ್ಧ ಗಂಟೆ. ಕೆಳಗೆ ಆಯಿಲ್ ಸೀಲಿನ ತುಟಿ ಹರಿದು ಹೋಗಿದೆ. ಬೇರಿಂಗ್ ಕೆಂಪಗೆ ತುಕ್ಕು. ಒಂದು ತಿಂಗಳ ತುಕ್ಕು ಅಲ್ಲ ಅದು. ತೆಂಗಿನ ಬುಡಕ್ಕೆ ಹೊಡೆಯೋ ಮೊದಲೇ ನೀರು ಹೋಗುತ್ತಿತ್ತು. ತಮ್ಮನಿಗೆ ಒಂದು ತಿಂಗಳಿಂದ ಬೈಯುತ್ತಿದ್ದೆ. ಈಗ ಅವನು ಪಕ್ಕದಲ್ಲೇ ನಿಂತು ನಗುತ್ತಿದ್ದಾನೆ.

ಲೇತ್ ಮಗ ದಾವಣಗೆರೆ:
ನೂಲು ಯಾರದು? ಗುತ್ತಿಗೆಯವರ ಬಲೆಯದ್ದೇ ಆದರೆ ಅರ್ಧ ದುಡ್ಡು ಅವರ ಹತ್ತಿರ ವಸೂಲಿ ಮಾಡಿ.

ಕೆರೆ ಏರಿ ಚನ್ನಗಿರಿ:
ಬಲೆಗೆ ಹೆಸರು ಬರೆದಿರ್ತಾರಾ?

ಲೇತ್ ಮಗ ದಾವಣಗೆರೆ:
ಬಣ್ಣ ನೋಡಿದರೆ ಗೊತ್ತಾಗುತ್ತೆ. ನೀವು ಸುಮ್ನಿರಿ.

ಹಿನ್ನೀರು ಹೊಸದುರ್ಗ:
ಕರಗಿ ಕಪ್ಪಾಗಿದೆ ಅಂದೆನಲ್ಲ. ಹರಿಹರದವರೇ, ನಿಮಗೆ ಕೇಸಿಂಗ್ ಕಳಿಸಿದವರ ನಂಬರ್ ಇನ್ನೂ ಇದ್ದರೆ ನನಗೊಬ್ಬನಿಗೇ ಕಳಿಸಿ, ಇಲ್ಲಿ ಹಾಕಬೇಡಿ. ಒಳಗಿನ ಗೇರ್ ಸಮೇತ ಸಿಗುತ್ತಾ ಕೇಳಬೇಕು.