ಸರಿಯಾದ ಒಟಿಪಿ ಹಾಕಿದರೂ ‘ತಪ್ಪು’ ಅಂತ ಬರುತ್ತಿದೆ, ಎಂಟಂಕಿ ಮಾಡಬೇಕೇ?

ಪ್ರಶ್ನೆ:
ಲಾಗಿನ್‌ಗೆ ಎಸ್‌ಎಂಎಸ್‌ನಲ್ಲಿ ಆರಂಕಿಯ ಒಟಿಪಿ ಹೋಗುತ್ತೆ. ಅವಧಿ 10 ನಿಮಿಷ, ಪ್ರತಿ ಕೋಡ್‌ಗೆ 5 ಪ್ರಯತ್ನ. ಸುಮಾರು ಹತ್ತರಲ್ಲಿ ಒಂದು ಲಾಗಿನ್‌ನಲ್ಲಿ ಸರಿಯಾದ ಕೋಡ್ ಹಾಕಿದರೂ ‘ತಪ್ಪು’ ಅಂತ ಬರುತ್ತಿದೆ. ಇನ್ನೊಂದು, ಹತ್ತು ಲಕ್ಷ ಸಾಧ್ಯತೆ ಸಾಲದು, ಎಂಟಂಕಿ ಮಾಡಿ ಅನ್ನೋ ಸಲಹೆ ಬಂದಿದೆ. ಮಾಡಬೇಕಾ?

ಉತ್ತರ 1:
ಹತ್ತರಲ್ಲಿ ಒಂದು ಅಂದ ತಕ್ಷಣ ಸೊನ್ನೆಯ ಮೇಲೆ ಅನುಮಾನ ಬರಬೇಕು. ಸೊನ್ನೆಯಿಂದ ಶುರುವಾಗೋ ಕೋಡ್‌ಗಳು ಒಟ್ಟಿನಲ್ಲಿ ಅಷ್ಟೇ ಇರೋದು. ಡೇಟಾಬೇಸ್‌ನಲ್ಲಿ ಕೋಡ್ ಇಡೋ ಕಾಲಂ ಇಂಟಿಜರ್ (ಪೂರ್ಣಾಂಕ) ಆಗಿದೆಯಾ ನೋಡಿ. 004271 ಅಲ್ಲಿ 4271 ಆಗಿ ಕೂರುತ್ತೆ, ಬಳಕೆದಾರರು ಟೈಪ್ ಮಾಡಿದ 004271 ಅದಕ್ಕೆ ಹೊಂದಲ್ಲ. ಹುಟ್ಟಿದ ಕ್ಷಣದಿಂದ ಹೋಲಿಸುವವರೆಗೂ ಕೋಡ್ ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು) ಆಗಿಯೇ ಇರಲಿ, ಆರಂಕಿಗೆ ಕಮ್ಮಿಯಾದರೆ ಎಡಕ್ಕೆ ಸೊನ್ನೆ ತುಂಬಿ. ಮಾಮೂಲಿ ರ‍್ಯಾಂಡಮ್ ಫಂಕ್ಷನ್ ಬಳಸಬೇಡಿ, ಮುಂದಿನ ಸಂಖ್ಯೆ ಊಹಿಸೋಕೆ ಆಗುತ್ತೆ. ಪೈಥಾನ್ ಆದರೆ ಸೀಕ್ರೆಟ್ಸ್ ಮಾಡ್ಯೂಲ್ ಇದೆ.

ಉತ್ತರ 2:
ಎಂಟಂಕಿ ಬೇಡ. ತೂತು ಇರೋದು ‘ಪ್ರತಿ ಕೋಡ್‌ಗೆ 5’ ಅನ್ನೋದರಲ್ಲಿ. ‘ಮತ್ತೆ ಕಳಿಸಿ’ ಒತ್ತಿದರೆ ಹೊಸ ಕೋಡ್, ಲೆಕ್ಕ ಮತ್ತೆ ಒಂದರಿಂದ. ದಾಳಿಕೋರರ ಸ್ಕ್ರಿಪ್ಟ್ (ತಾನಾಗಿ ಓಡೋ ಪ್ರೋಗ್ರಾಂ) ಇದನ್ನೇ 1,40,000 ಸಲ ಮಾಡಿದರೆ 7 ಲಕ್ಷ ಊಹೆ, ಒಳಗೆ ನುಗ್ಗುವ ಸಾಧ್ಯತೆ ಶೇ. 50. ತಪ್ಪಿನ ಎಣಿಕೆ ಖಾತೆಗೆ ಅಂಟಿರಲಿ, ಹೊಸ ಕೋಡ್ ಬಂದರೂ ಅಳಿಯಬಾರದು. ‘ಮತ್ತೆ ಕಳಿಸಿ’ಗೂ ಮಿತಿ ಹಾಕಿ. ಖಾತೆಯನ್ನು ಪೂರ್ತಿ ಲಾಕ್ ಮಾಡಬೇಡಿ, ಯಾರು ಬೇಕಾದರೂ ಇನ್ನೊಬ್ಬರನ್ನು ಹೊರಗೆ ನಿಲ್ಲಿಸಬಹುದು. 1 ನಿಮಿಷ, 5 ನಿಮಿಷ, 30 ನಿಮಿಷ ಅಂತ ಕಾಯಿಸೋದು ಒಳ್ಳೆಯದು. ಇನ್ನೂ ಒಂದು ದಾರಿ ಇದೆ: ಖಾತೆಗೆ ಒಂದೇ ಊಹೆಯಂತೆ ಲಕ್ಷಗಟ್ಟಲೆ ಖಾತೆಗಳ ಮೇಲೆ ಪ್ರಯತ್ನಿಸೋದು. ಖಾತೆವಾರು ಎಣಿಕೆಗೆ ಅದು ಸಿಗೋದೇ ಇಲ್ಲ, ಹಾಗಾಗಿ ಇಡೀ ವ್ಯವಸ್ಥೆಯ ಒಟ್ಟು ತಪ್ಪುಗಳ ಮೇಲೂ ಕಣ್ಣಿಡಿ.

ಪ್ರಶ್ನೆ ಕೇಳಿದವರು:
ಕಾಲಂ ಇಂಟಿಜರ್ ಆಗಿಯೇ ಇತ್ತು, ಬದಲಾಯಿಸಿದ್ದಾಯ್ತು. ಡೇಟಾಬೇಸ್‌ನಲ್ಲಿ ಕೋಡನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿ (ಹಿಂದಕ್ಕೆ ತಿರುಗಿಸಲಾಗದ ಗುರುತಾಗಿ ಬದಲಿಸಿ) ಇಟ್ಟರೆ ಸಾಕಾ?

ಉತ್ತರ 3:
ಸಾಲದು. ಡೇಟಾಬೇಸ್ ಕದ್ದವರು ಎಲ್ಲಾ ಕೋಡ್‌ಗಳನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡಬಹುದು. ಹತ್ತು ಲಕ್ಷ ಹ್ಯಾಶ್ ಅಂದರೆ ಮಾಮೂಲಿ ಲ್ಯಾಪ್‌ಟಾಪ್‌ಗೆ ಕೆಲವೇ ಸೆಕೆಂಡ್‌ಗಳ ಕೆಲಸ. ಸಾಲ್ಟ್ (ಹ್ಯಾಶ್‌ಗೆ ಮುಂಚೆ ಬೆರೆಸೋ ರ‍್ಯಾಂಡಮ್ ಅಕ್ಷರಗಳು) ಸೇರಿಸಿದರೂ ಅದು ಡೇಟಾಬೇಸ್‌ನಲ್ಲಿ ಪಕ್ಕದಲ್ಲೇ ಬಿದ್ದಿರುತ್ತೆ. ಎಚ್‌ಮ್ಯಾಕ್ (ಗುಟ್ಟಿನ ಕೀ ಬೆರೆಸಿ ಮಾಡೋ ಹ್ಯಾಶ್) ಬಳಸಿ, ಅದರ ಕೀ ಡೇಟಾಬೇಸ್‌ನಲ್ಲಿ ಇರಬಾರದು. ಕೋಡ್ ಪರಿಶೀಲಿಸೋದು, ಅಳಿಸೋದು ಎರಡೂ ಮಧ್ಯೆ ಬೇರೆ ರಿಕ್ವೆಸ್ಟ್ ನುಗ್ಗದಂತೆ ಒಂದೇ ಹೆಜ್ಜೆಯಲ್ಲಿ ಆಗಲಿ. ಇಲ್ಲದಿದ್ದರೆ ಒಟ್ಟಿಗೆ ಬಂದ ಎರಡು ರಿಕ್ವೆಸ್ಟ್‌ಗೂ ಅದೇ ಕೋಡ್ ಪಾಸಾಗುತ್ತೆ. ಫೋನ್ ಮಾಡಿ ಕೋಡ್ ಕೇಳಿ ಪಡೆಯುವವರಿಗೆ ಆರಂಕಿಯೂ ಎಂಟಂಕಿಯೂ ಒಂದೇ. ಅದಕ್ಕೆ ಸಂದೇಶದಲ್ಲೇ ‘ಇದು ಲಾಗಿನ್‌ಗೆ, ಯಾರಿಗೂ ಹೇಳಬೇಡಿ’ ಅಂತ ಕೋಡ್‌ಗಿಂತ ಮೊದಲು ಬರೆಯಿರಿ.