ಸಹಾಯ ಬೇಕು: ನಿಲುವು ಬದಲಾಗಿದೆ, ಪಕ್ಷವನ್ನು ಹೇಗೆ ಆರಿಸಲಿ?

ನಾನು ಕೊಡಗಿನ ಸಿದ್ದಾಪುರದ ಬಳಿ ಮೂರು ಎಕರೆ ಕಾಫಿ ತೋಟವಿರುವ ಸಣ್ಣ ಬೆಳೆಗಾರ. ಮತದಾರನಾದಾಗಿನಿಂದಲೂ ಮನೆಯ ಹಿರಿಯರು ಬೆಂಬಲಿಸುತ್ತಿದ್ದ ಪಕ್ಷಕ್ಕೇ ಮತ ಹಾಕುತ್ತ ಬಂದವನು. 2013ರಲ್ಲಿ ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ಬಂದಾಗ, ನಮ್ಮ ಊರುಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಬಾರದೆಂದು ವಾದಿಸಿದವನು. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದುದನ್ನು ಕಂಡ ಮೇಲೆ, ಇಳಿಜಾರಿನಲ್ಲಿ ಏಳುವ ರೆಸಾರ್ಟ್‌, ಬಡಾವಣೆಗಳಿಗೆ ಕಡಿವಾಣ ಬೇಕೇ ಬೇಕು ಎಂಬ ಕಡೆಗೆ ಮನಸ್ಸು ವಾಲಿದೆ. ಬೆಳೆ ಸಾಲ, ತೋಟಕ್ಕೆ ನುಗ್ಗುವ ಆನೆಗಳ ವಿಷಯದಲ್ಲಿ ಮಾತ್ರ ಹಳೆಯ ಪಕ್ಷದ ಮಾತೇ ಇಂದಿಗೂ ಸರಿಯೆನಿಸುತ್ತದೆ.

ಪ್ರಣಾಳಿಕೆಗಳನ್ನು ಓದಿದೆ. ಎರಡೂ ಕಡೆಯ ಸಭೆಗಳಿಗೆ ಹೋಗಿ ಬಂದೆ (ಒಂದರಲ್ಲಿ ನನ್ನ ಪ್ರಶ್ನೆಗೆ ಉತ್ತರದ ಬದಲು ಊಟದ ಟೋಕನ್ ಸಿಕ್ಕಿತು). "ಪಕ್ಷ ಬಿಡಿ, ವ್ಯಕ್ತಿಯನ್ನು ನೋಡಿ" ಎನ್ನುತ್ತಾರೆ ಗೆಳೆಯರು. ಗ್ರಾಮ ಪಂಚಾಯಿತಿಗೆ ಅದು ಸರಿ, ಅಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಆದರೆ ವಿಧಾನಸಭೆಯಲ್ಲಿ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದ ಶಾಸಕರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವನ್ನೇ ಕಳೆದುಕೊಳ್ಳಬಹುದಾದ್ದರಿಂದ, ಒಳ್ಳೆಯವರನ್ನೇ ಕಳುಹಿಸಿದರೂ ಅವರು ಕೊನೆಗೆ ಮತ ಚಲಾಯಿಸುವುದು ಪಕ್ಷ ಹೇಳಿದಂತೆಯೇ ಅಲ್ಲವೇ? ನೋಟಾ ಒತ್ತಲು ಮನಸ್ಸಿಲ್ಲ. ವಿಧಾನಸಭಾ ಚುನಾವಣೆಯಲ್ಲಿ ಅದಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ.

ಒಂದೇ ಒಂದು ಮುಖ್ಯ ವಿಷಯದಲ್ಲಿ ನಿಲುವು ಬದಲಾದ ಕಾರಣಕ್ಕೆ ಪಕ್ಷ ಬದಲಿಸಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಆ ಒಂದನ್ನು ಉಳಿದೆಲ್ಲ ವಿಷಯಗಳೆದುರು ಹೇಗೆ ತೂಗಿ ನಿರ್ಧರಿಸಿದಿರಿ?